ಕೈಕೊಟ್ಟ ಪ್ರೀತಿಯ ಸ್ಪ್ಯಾನಿಷ್ ಹಾಡುಗಳು: ಭಾಷೆ ಬಾರದವರು ಕೇಳುವುದು ಹೇಗೆ?

ಸ್ಪ್ಯಾನಿಷ್‌ನಲ್ಲಿ ಪ್ರೀತಿ ಮುರಿದ ಹಾಡುಗಳಿಗೆ ಲೆಕ್ಕವೇ ಇಲ್ಲ. ಕ್ಯೂಬಾ, ಮೆಕ್ಸಿಕೊ, ಅರ್ಜೆಂಟೀನಾ, ಪೆರು, ಡೊಮಿನಿಕನ್ ರಿಪಬ್ಲಿಕ್, ಸ್ಪೇನ್, ಎಲ್ಲ ಕಡೆ ಅಳುವುದಕ್ಕೆ ಅವರವರದೇ ಪದ್ಧತಿ ಇದೆ. ಹೊಸದಾಗಿ ಕೇಳುವವರು ಏನು ಮಾಡುತ್ತಾರೆ ಅಂದರೆ, ಯಾವುದೋ ಆ್ಯಪ್‌ನಲ್ಲಿ ‘ಲ್ಯಾಟಿನ್ ಸ್ಯಾಡ್ ಸಾಂಗ್ಸ್’ ಅಂತ ಸಿಕ್ಕ ಪಟ್ಟಿಯನ್ನು ಹಾಕಿಕೊಂಡು ಮಲಗುತ್ತಾರೆ. ಅದರಲ್ಲಿ 1950ರ ಕಾಲದ ಬೊಲೆರೊ ಮುಗಿದ ಕೂಡಲೇ ಹೊಸ ರೆಗೆಟಾನ್ ಬರುತ್ತದೆ, ಅದಾದಮೇಲೆ ಸ್ಪೇನಿನ ಪಾಪ್ ಬರುತ್ತದೆ. ಐದನೇ ಹಾಡಿನ ಹೊತ್ತಿಗೆ ಎಲ್ಲವೂ ಒಂದೇ ಥರ ಕೇಳಿಸುತ್ತದೆ. ಆಮೇಲೆ ‘ನನಗೆ ಇದು ಆಗಿಬರಲ್ಲ’ ಅಂತ ಬಿಟ್ಟುಬಿಡುತ್ತಾರೆ.

ಬಿಡುವ ಮೊದಲು ಈ ದಾರಿಯನ್ನೊಮ್ಮೆ ನೋಡಿ. ಇದಕ್ಕೆ ಸ್ಪ್ಯಾನಿಷ್ ಕಲಿಯಬೇಕಾಗಿಲ್ಲ. ಪ್ರತಿ ಹಾಡಿಗೂ ಒಂದೇ ಪ್ರಶ್ನೆ ಹಾಕಬೇಕು: ಪ್ರೀತಿಯಲ್ಲಿ ಸೋತ ಮನುಷ್ಯ ಆ ಸೋಲನ್ನು ಇಟ್ಟುಕೊಂಡು ಏನು ಮಾಡುತ್ತಿದ್ದಾನೆ? ಬೇಡುತ್ತಿದ್ದಾನಾ, ಕುಡಿಯುತ್ತಿದ್ದಾನಾ, ‘ಚೆನ್ನಾಗಿರು’ ಅಂತ ಹರಸುತ್ತಿದ್ದಾನಾ, ಬೈಯುತ್ತಿದ್ದಾಳಾ, ಲೆಕ್ಕ ಚುಕ್ತಾ ಮಾಡುತ್ತಿದ್ದಾಳಾ? ಈ ಹಾಡುಗಳಲ್ಲಿ ಸೋತಿಲ್ಲ ಅಂತ ಯಾರೂ ನಾಟಕ ಆಡುವುದಿಲ್ಲ. ಎಲ್ಲರ ಮುಂದೆ, ಗಂಟಲು ಬಿಟ್ಟು, ಸೋತೆ ಅಂತ ಒಪ್ಪಿಕೊಳ್ಳುತ್ತಾರೆ. ಹಾಗೆ ಒಪ್ಪಿಕೊಳ್ಳುವ ಗತ್ತಿನಲ್ಲೇ ಮಜಾ ಇರುವುದು.

ಮೊದಲು ಒಂದೇ ಪ್ರಕಾರ ಹಿಡಿಯಿರಿ

ಮೆಲ್ಲಗಿನ ಹಾಡು ಇಷ್ಟವಾದರೆ ಬೊಲೆರೊ. ಗಂಟಲು ಬಿಟ್ಟು ಹಾಡುವುದು ಬೇಕಿದ್ದರೆ ಮೆಕ್ಸಿಕೊದ ರಾಂಚೆರಾ. ಕಾಲು ಕುಣಿಯುತ್ತಾ ಕಣ್ಣು ಅಳಬೇಕು ಅಂದರೆ ಬಚಾತಾ. ಅರ್ಜೆಂಟೀನಾದ ಟ್ಯಾಂಗೊವನ್ನು ಆಮೇಲೆ ಇಟ್ಟುಕೊಳ್ಳಿ, ಕಾರಣ ಮುಂದೆ ಹೇಳುತ್ತೇನೆ.

ನನ್ನನ್ನು ಕೇಳಿದರೆ ಬೊಲೆರೊದಿಂದ ಶುರು ಮಾಡಿ. ಇದು ಹುಟ್ಟಿದ್ದು ಕ್ಯೂಬಾದ ಸಾಂತಿಯಾಗೊ ಊರಿನಲ್ಲಿ. 1883ರಲ್ಲಿ ಪೆಪೆ ಸಾಂಚೆಸ್ ಕಟ್ಟಿದ ‘ತ್ರಿಸ್ತೇಸಾಸ್’ ಮೊದಲ ಬೊಲೆರೊ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆತ ಕಸುಬಿನಲ್ಲಿ ದರ್ಜಿ, ಸಂಗೀತದ ಬರಹ ಓದಲು ಬರುತ್ತಿರಲಿಲ್ಲ. ಹಾಡಿನ ಹೆಸರಿನ ಅರ್ಥವೇ ‘ದುಃಖಗಳು’, ಅಂದರೆ ಈ ಪ್ರಕಾರ ಹುಟ್ಟುವಾಗಲೇ ಮುಖ ಸಪ್ಪೆ ಮಾಡಿಕೊಂಡಿತ್ತು. ಅಲ್ಲಿಂದ ಅದು ಮೆಕ್ಸಿಕೊಗೆ ಹೋಯಿತು, ರೇಡಿಯೊ ಮತ್ತು ಸಿನಿಮಾದ ಬೆನ್ನೇರಿ ಇಡೀ ಖಂಡಕ್ಕೆ ಹಬ್ಬಿತು. 1944ರಲ್ಲಿ ನ್ಯೂಯಾರ್ಕ್‌ನಲ್ಲಿ ಇಬ್ಬರು ಮೆಕ್ಸಿಕೊದವರು, ಒಬ್ಬ ಪೋರ್ಟೊ ರಿಕೊದವ ಸೇರಿ ‘ತ್ರೀಯೊ ಲೊಸ್ ಪಾಂಚೊಸ್’ ಕಟ್ಟಿದರು. ಮೂರು ದನಿ, ಗಿಟಾರ್, ಜೊತೆಗೆ ‘ರೆಕಿಂತೊ’ ಎಂಬ ಚಿಕ್ಕ, ಎತ್ತರದ ಶ್ರುತಿಯ ಗಿಟಾರ್. ಆ ರೆಕಿಂತೊ ನುಡಿಸಿದವನು ಆಲ್ಫ್ರೆದೊ ಹಿಲ್. ಹಾಡು ಶುರುವಾಗುವ ಮೊದಲು ಹನಿಹನಿಯಾಗಿ ಉದುರುವ ತಂತಿಯ ಸದ್ದು ಕೇಳಿಸಿದರೆ ಅದೇ ಅದು. 2023ರಲ್ಲಿ ಯುನೆಸ್ಕೊ ಕ್ಯೂಬಾ ಮತ್ತು ಮೆಕ್ಸಿಕೊದ ಬೊಲೆರೊವನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೊದಲ ಹಾಡಾಗಿ ಓಸ್ವಾಲ್ದೊ ಫಾರ್ರೆಸ್ ಬರೆದ ‘ಕಿಸಾಸ್, ಕಿಸಾಸ್, ಕಿಸಾಸ್’ ಹಾಕಿಕೊಳ್ಳಿ. ಯಾವಾಗ, ಹೇಗೆ, ಎಲ್ಲಿ ಅಂತ ಅವನು ಕೇಳುತ್ತಲೇ ಇರುತ್ತಾನೆ. ಉತ್ತರ ಪ್ರತಿಸಲ ‘ಇರಬಹುದು, ಇರಬಹುದು, ಇರಬಹುದು’. ಹೂಂ ಅನ್ನದೆ ಉಹೂಂ ಅನ್ನದೆ ಸತಾಯಿಸುವವರನ್ನು ಪ್ರೀತಿಸಿದವರಿಗೆ ಇದಕ್ಕಿಂತ ಜಾಸ್ತಿ ವಿವರಣೆ ಬೇಡ. ಅಮೆರಿಕದ ಗಾಯಕ ನ್ಯಾಟ್ ಕಿಂಗ್ ಕೋಲ್ ಇದನ್ನು ಸ್ಪ್ಯಾನಿಷ್‌ನಲ್ಲೇ ಹಾಡಿದ್ದಾನೆ. ಅವನಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ, ಉಚ್ಚಾರ ಕೇಳಿದರೆ ಗೊತ್ತಾಗುತ್ತದೆ, ಆದರೂ ಆ ದನಿಗೆ ಎಲ್ಲ ಮಾಫಿ.

ಸಾಹಿತ್ಯ ನೋಡದೆ ಕೇಳಿ, ಆಮೇಲೆ ಕೆಲವು ಪದ ಹಿಡಿಯಿರಿ

ಮೊದಲ ಸಲ ಮೊಬೈಲ್ ಪಕ್ಕಕ್ಕಿಟ್ಟು ಸುಮ್ನೆ ಕೇಳಿ. ಅರ್ಥ ಹುಡುಕಲು ಹೋಗಬೇಡಿ. ಎಲ್ಲಿ ದನಿ ಏರಿತು, ಎಲ್ಲಿ ಉಸಿರು ಕಟ್ಟಿತು, ಎಲ್ಲಿ ವಾದ್ಯ ನಿಂತು ಗಾಯಕ ಒಂಟಿಯಾದ, ಇಷ್ಟು ಗಮನಿಸಿ. ಇದಕ್ಕೆ ಒಳ್ಳೆಯ ಪಾಠ ಹೋಸೆ ಹೋಸೆ ಹಾಡಿದ ‘ಎಲ್ ತ್ರಿಸ್ತೆ’. 1970ರಲ್ಲಿ ಮೆಕ್ಸಿಕೊ ಸಿಟಿಯ ಒಂದು ಹಾಡಿನ ಸ್ಪರ್ಧೆಯಲ್ಲಿ 22 ವರ್ಷದ ಹುಡುಗ ಇದನ್ನು ಹಾಡಿದ ವಿಡಿಯೊ ಸಿಗುತ್ತದೆ. ಸಾಲುಗಳು ಎಷ್ಟು ಉದ್ದ ಅಂದರೆ ಇವನು ಉಸಿರು ಯಾವಾಗ ತೆಗೆದುಕೊಂಡ ಅಂತಲೇ ತಿಳಿಯುವುದಿಲ್ಲ. ಜನ ಎದ್ದು ನಿಂತು ಹೂವು ಎಸೆಯುತ್ತಾರೆ. ತೀರ್ಪುಗಾರರು ಮೂರನೇ ಸ್ಥಾನ ಕೊಟ್ಟರು. ಗೆದ್ದ ಹಾಡು ಯಾವುದೆಂದು ಇವತ್ತು ಎಷ್ಟು ಜನಕ್ಕೆ ನೆನಪಿದೆಯೋ!

ಎರಡನೇ ಸಲ ಕೇಳುವಾಗ ಈ ಪದಗಳು ಕಿವಿಗೆ ಬೀಳುತ್ತವಾ ನೋಡಿ. ‘ಕೊರಾಸೋನ್’ ಅಂದರೆ ಹೃದಯ, ‘ಆಲ್ಮಾ’ ಅಂದರೆ ಆತ್ಮ, ‘ಯೊರಾರ್’ ಅಂದರೆ ಅಳು, ‘ಓಲ್ವಿದಾರ್’ ಅಂದರೆ ಮರೆಯುವುದು, ‘ವೋಲ್ವೆರ್’ ಅಂದರೆ ವಾಪಸ್ ಬರುವುದು. ‘ಸಿನ್ ತಿ’ ಅಂದರೆ ನೀನಿಲ್ಲದೆ. ‘ಯಾ ನೊ’ ಅಂದರೆ ಇನ್ನು ಇಲ್ಲ. ‘ನುಂಕಾ’ ಅಂದರೆ ಎಂದಿಗೂ ಇಲ್ಲ. ‘ಮೆಂತೀರಾ’ ಅಂದರೆ ಸುಳ್ಳು, ‘ಕುಲ್ಪಾ’ ಅಂದರೆ ತಪ್ಪು. ಇಷ್ಟು ಸಾಕು. ‘ಯಾ ನೊ’ ಮತ್ತು ‘ವೋಲ್ವೆರ್’ ಒಂದೇ ಹಾಡಿನಲ್ಲಿ ಬಂದರೆ ಅಲ್ಲಿ ಏನು ನಡೆಯುತ್ತಿದೆ ಅಂತ ನೀವೇ ಊಹಿಸಬಹುದು, ಅಲ್ವಾ?

ಈಗ ಸಾಹಿತ್ಯ ತೆರೆಯಿರಿ, ಆದರೆ ಹುಷಾರು

ಯಂತ್ರಾನುವಾದ ಬಳಸಿ, ತಪ್ಪೇನಿಲ್ಲ. ಅದು ಎಡವುವ ಜಾಗಗಳು ಮಾತ್ರ ಗೊತ್ತಿರಲಿ. ಸ್ಪ್ಯಾನಿಷ್ ಕ್ರಿಯಾಪದ ಗಂಡೋ ಹೆಣ್ಣೋ ಹೇಳುವುದಿಲ್ಲ. ‘ಸೆ ಫ್ವೆ’ ಅಂದರೆ ಹೋದ ಅಂತಲೂ ಆಗುತ್ತದೆ, ಹೋದಳು ಅಂತಲೂ ಆಗುತ್ತದೆ. ಕನ್ನಡಕ್ಕೆ ತಂದಾಗ ಯಂತ್ರ ಕಣ್ಣುಮುಚ್ಚಿ ‘ಹೋದನು’ ಅಂತ ಹಾಕಿಬಿಡುತ್ತದೆ. ಹಾಡಿನಲ್ಲಿ ಬರುವ ಗುಣಪದದ ಕೊನೆ ನೋಡಿ, ಸಾಮಾನ್ಯವಾಗಿ ‘ಒ’ ಇದ್ದರೆ ಗಂಡು, ‘ಆ’ ಇದ್ದರೆ ಹೆಣ್ಣು.

ನೀನು-ನೀವು ವ್ಯತ್ಯಾಸವೂ ಇದೆ. ನೀನು ಅಂದರೆ ‘ತೂ’, ನೀವು ಅಂದರೆ ‘ಉಸ್ತೆದ್’. ‘ಉಸ್ತೆದ್’ ಅನ್ನುವ ಹೆಸರಿನದೇ ಒಂದು ಬೊಲೆರೊ ಇದೆ. ನನ್ನ ಎಲ್ಲ ಸಂಕಟಕ್ಕೆ ನೀವೇ ಕಾರಣ ಅಂತ ಆಪಾದನೆ ಮಾಡುತ್ತಾನೆ, ಮರ್ಯಾದೆ ಮಾತ್ರ ಬಿಡುವುದಿಲ್ಲ. ಇಂಗ್ಲಿಷ್ ಅನುವಾದದಲ್ಲಿ ಇದು ಪೂರ್ತಿ ಹೋಗಿಬಿಡುತ್ತದೆ. ನಮಗೆ ಹಾಗೇ ಉಳಿಯುತ್ತದೆ.

ಇನ್ನೊಂದು ವಿಷಯ. ‘ನೀನಿಲ್ಲ’ ಎಂದು ಹಾಡಿದ ಕೂಡಲೇ ಯಾರೋ ಕೈಕೊಟ್ಟರು ಅಂದುಕೊಳ್ಳಬೇಡಿ. ‘ಇಸ್ತೋರಿಯಾ ದೆ ಉನ್ ಅಮೋರ್’ ಬರೆದ ಪನಾಮಾದ ಕಾರ್ಲೊಸ್ ಎಲೆತಾ ಆಲ್ಮಾರಾನ್ ಅದನ್ನು ಬರೆದದ್ದು ತನ್ನ ಸಹೋದರನ ಹೆಂಡತಿ ತೀರಿಕೊಂಡ ಮೇಲೆ. ಹುವಾನ್ ಗಾಬ್ರಿಯೆಲ್‌ನ ‘ಅಮೋರ್ ಎತೆರ್ನೊ’ ಕೂಡ ತೀರಿಹೋದ ತಾಯಿಯ ನೆನಪಿನದು, ಮೆಕ್ಸಿಕೊದವರು ಸಾವಿನ ಮನೆಯಲ್ಲಿ ಹಾಡಿಸುತ್ತಾರೆ. ಅದನ್ನು ಬ್ರೇಕಪ್ ಸ್ಟೇಟಸ್‌ಗೆ ಹಾಕಿಕೊಂಡರೆ ಗೊತ್ತಿದ್ದವರು ನಗುತ್ತಾರೆ.

ರಾಂಚೆರಾ: ಇಲ್ಲಿ ನಿಧಾನ ಮಾಡಿ

ಕಿವಿ ಸ್ವಲ್ಪ ಪಳಗಿದ ಮೇಲೆ ಮೆಕ್ಸಿಕೊಗೆ ಬನ್ನಿ. ಇಲ್ಲಿ ಒಬ್ಬನನ್ನು ಕೇಳಿದರೆ ಅರ್ಧ ಕೆಲಸ ಮುಗಿದಂತೆ: ಹೋಸೆ ಆಲ್ಫ್ರೆದೊ ಹಿಮೆನೆಸ್. 1926ರಲ್ಲಿ ಗ್ವಾನಾಹ್ವಾತೊ ರಾಜ್ಯದ ದೊಲೋರೆಸ್ ಇದಾಲ್ಗೊ ಊರಿನಲ್ಲಿ ಹುಟ್ಟಿದವನು. ಮೆಕ್ಸಿಕೊ ಸಿಟಿಗೆ ಬಂದು ಹೋಟೆಲಿನಲ್ಲಿ ಮಾಣಿಯಾಗಿದ್ದವನು. ವಾದ್ಯ ನುಡಿಸಲು ಬರುತ್ತಿರಲಿಲ್ಲ, ಸ್ವರ ಬರೆಯಲೂ ಬರುತ್ತಿರಲಿಲ್ಲ. ಮನಸ್ಸಿನಲ್ಲಿ ಬಂದ ಧಾಟಿಯನ್ನು ಬಾಯಲ್ಲಿ ಹಾಡಿ ತೋರಿಸುತ್ತಿದ್ದ, ರುಬೆನ್ ಫ್ವೆಂತೆಸ್‌ನಂಥ ಬಲ್ಲವರು ಅದಕ್ಕೆ ಮರಿಯಾಚಿ, ಅಂದರೆ ಪಿಟೀಲು, ತುತ್ತೂರಿ, ಗಿಟಾರ್‌ಗಳ ಮೆಕ್ಸಿಕೊ ಮೇಳದ ವಾದ್ಯಗಳನ್ನು ಹೊಂದಿಸುತ್ತಿದ್ದರು. 1973ರಲ್ಲಿ, 47ನೇ ವಯಸ್ಸಿಗೇ ತೀರಿಕೊಂಡ. ಅವನ ಊರಿನ ಸ್ಮಶಾನದಲ್ಲಿ ಸಮಾಧಿಯ ಮೇಲೆ ದೊಡ್ಡ ಸೋಂಬ್ರೆರೊ ಟೋಪಿ, ಅದರಿಂದ ಬಣ್ಣಬಣ್ಣದ ಕಂಬಳಿ ಹಾಸಿದ ಹಾಗೆ ಹೆಂಚಿನ ಚೂರುಗಳ ಕೆಲಸ. ಆ ಕಂಬಳಿಯ ಪಟ್ಟೆಗಳಲ್ಲಿ ಅವನ ಹಾಡುಗಳ ಹೆಸರು.

ಅವನ ಮೂರು ಹಾಡನ್ನು ಇದೇ ಕ್ರಮದಲ್ಲಿ ಕೇಳಿ. ಮೊದಲು ‘ಎಯಾ’. ಬೇಡಿ ಬೇಡಿ ಸಾಕಾಯಿತು ಅಂತ ಶುರುವಾಗುತ್ತದೆ, ಅವಳು ಬಾಯಿ ತೆರೆಯುವುದು ‘ಇನ್ನು ನಿನ್ನ ಮೇಲೆ ಪ್ರೀತಿ ಇಲ್ಲ’ ಅನ್ನಲಿಕ್ಕೆ ಮಾತ್ರ. ಕೊನೆಗೆ ಇಬ್ಬರೂ ಕೂತು ಕುಡಿಯುತ್ತಾರೆ, ಮರಿಯಾಚಿ ಸದ್ದು ನಿಂತುಹೋಗುತ್ತದೆ, ಅವನ ಕೈಯಿಂದ ಲೋಟ ಜಾರುತ್ತದೆ. ಅವನ ಮುಖ ನೋಡಿ ಅವಳಿಗೆ ಉಳಿಯೋಣ ಅನಿಸುತ್ತದೆ, ಆದರೂ ಉಳಿಯುವುದಿಲ್ಲ. ಬೇಡುವವನ ಹಾಡು ಇದು.

ಆಮೇಲೆ ‘ಕೆ ತೆ ವಾಯಾ ಬೊನೀತೊ’. ಇಲ್ಲಿ ಅವನು ಹರಸುತ್ತಾನೆ: ನಿನಗೆ ಒಳ್ಳೆಯದಾಗಲಿ, ನಿನ್ನ ಕಷ್ಟ ಮುಗಿಯಲಿ, ನಾನು ಇನ್ನಿಲ್ಲ ಅಂತ ಯಾರಾದರೂ ನಿನಗೆ ಹೇಳಲಿ. ಆ ಕೊನೆಯ ಹರಕೆ ಗಮನಿಸಿ. ಹರಸುತ್ತಲೇ ಚುಚ್ಚುವುದು ಅವನಿಗೆ ಚೆನ್ನಾಗಿ ಬರುತ್ತದೆ.

ಮೂರನೆಯದು ‘ಎಲ್ ರೆಯ್’, ಅಂದರೆ ರಾಜ. ಸಿಂಹಾಸನ ಇಲ್ಲ, ರಾಣಿ ಇಲ್ಲ, ಅರ್ಥ ಮಾಡಿಕೊಳ್ಳುವವರೂ ಇಲ್ಲ, ಆದರೂ ನಾನೇ ರಾಜ. ಗತ್ತಿನ ಹಾಡು ಅನ್ನುತ್ತಾರೆ, ನನಗೆ ಮೂರರಲ್ಲಿ ಜಾಸ್ತಿ ದುಃಖದ್ದು ಇದೇ ಅನಿಸುತ್ತದೆ. ಎಲ್ಲ ಕಳೆದುಕೊಂಡವನು ಮಾತ್ರ ಇಷ್ಟು ಜೋರಾಗಿ ರಾಜ ಅಂದುಕೊಳ್ಳುತ್ತಾನೆ. ಇದರ ಗಂಡಸುತನದ ಜಂಬ ಕೆಲವರಿಗೆ ಕಿರಿಕಿರಿ ತರಬಹುದು, ತರಲಿ. ಕಿರಿಕಿರಿ ಆದವರಿಗೆ, ಗಂಡಸರನ್ನು ಬೈದು ಹಾಡುವ ಪಕೀತಾ ಮುಂದೆ ಕಾಯುತ್ತಿದ್ದಾಳೆ.

ನಡುವೆ ‘ಆಯ್ ಆಯ್ ಆಯ್’ ಅಂತ ಕೂಗು ಬಂದರೆ ಬೆಚ್ಚಬೇಡಿ. ಅದಕ್ಕೆ ‘ಗ್ರೀತೊ’ ಅನ್ನುತ್ತಾರೆ. ಗಾಯಕ ಕೂಗುತ್ತಾನೆ, ವಾದ್ಯದವರು ಕೂಗುತ್ತಾರೆ, ಕೂತು ಕೇಳುವವರೂ ಕೂಗುತ್ತಾರೆ. ನೀವೂ ಕೂಗಬಹುದು, ಪಕ್ಕದ ಮನೆಯವರು ಒಪ್ಪಿದರೆ.

ಒಂದೇ ಹಾಡು, ಎರಡು ಗಂಟಲು

ಈ ಹೆಜ್ಜೆಯನ್ನು ಯಾರೂ ಬಿಡಬೇಡಿ. ತೊಮಾಸ್ ಮೆಂದೆಸ್ ಬರೆದ ‘ಪಲೋಮಾ ನೆಗ್ರಾ’ ಅಂದರೆ ಕಪ್ಪು ಪಾರಿವಾಳ. ರಾತ್ರಿಯೆಲ್ಲ ಹೊರಗೆ ಮೋಜು ಮಾಡುತ್ತಾ ಮನೆಗೆ ಬಾರದ ಪ್ರೇಮಿಗೆ ಹೇಳುವ ಹಾಡು. ನಿನಗೆ ಶಾಪ ಹಾಕಲೋ, ನಿನಗಾಗಿ ಪ್ರಾರ್ಥನೆ ಮಾಡಲೋ ತಿಳಿಯುತ್ತಿಲ್ಲ ಅನ್ನುತ್ತದೆ. ಮೊದಲು ಲೋಲಾ ಬೆಲ್ತ್ರಾನ್ ಹಾಡಿದ್ದನ್ನು ಕೇಳಿ. ತುತ್ತೂರಿ, ಪಿಟೀಲು, ಇಡೀ ಮರಿಯಾಚಿ ಅವಳ ಹಿಂದೆ ನಿಂತಿದೆ. ದೊಡ್ಡ ದನಿ. ಅಳುವುದರಲ್ಲೂ ಒಂದು ದರ್ಬಾರು ಇದೆ.

ಆಮೇಲೆ ಚಾವೇಲಾ ವಾರ್ಗಾಸ್. ತುತ್ತೂರಿ ಇಲ್ಲ, ಪಿಟೀಲಿಲ್ಲ. ಬರೀ ಗಿಟಾರ್. ಒಂದು ಸಾಲು ಹಾಡುತ್ತಾಳೆ, ನಿಲ್ಲುತ್ತಾಳೆ, ಮುಂದಿನದನ್ನು ಮಾತಿನಂತೆ ಆಡುತ್ತಾಳೆ, ಇನ್ನೇನು ಮುಗಿಯಿತು ಅನ್ನುವಾಗ ಗಂಟಲು ಹರಿದು ಹೋಗುವಂತೆ ಕೂಗುತ್ತಾಳೆ. 1919ರಲ್ಲಿ ಕೋಸ್ಟರಿಕಾದಲ್ಲಿ ಹುಟ್ಟಿ ಹದಿಹರೆಯದಲ್ಲಿ ಮೆಕ್ಸಿಕೊಗೆ ಬಂದವಳು. ಪ್ಯಾಂಟು ಹಾಕಿ, ಗಂಡಸರ ಕಂಬಳಿ ಹೊದ್ದು ವೇದಿಕೆಗೆ ಬರುತ್ತಿದ್ದಳು. ಗಂಡಸು ಹೆಂಗಸಿಗೆ ಹೇಳುವ ಹಾಡನ್ನು ಒಂದಕ್ಷರ ಬದಲಿಸದೆ ಹಾಗೇ ಹಾಡುತ್ತಿದ್ದಳು. ತಾನು ಪ್ರೀತಿಸುವುದು ಹೆಂಗಸರನ್ನು ಅಂತ ಬಹಿರಂಗವಾಗಿ ಹೇಳಿದ್ದು 80 ದಾಟಿದ ಮೇಲೆ, ಆದರೆ ಹಾಡು ಕೇಳಿದವರಿಗೆ ಹೇಳಬೇಕಾಗಿರಲಿಲ್ಲ. ಕುಡಿತದಿಂದ ವರ್ಷಗಟ್ಟಲೆ ಕಣ್ಮರೆಯಾಗಿದ್ದು, 1990ರ ದಶಕದ ಆರಂಭದಲ್ಲಿ ಮತ್ತೆ ಹಾಡಲು ಬಂದಳು. ಯೌವನದ ರೆಕಾರ್ಡಿಂಗ್‌ಗಿಂತ ಆ ಮುದಿ ದನಿಯದೇ ನನಗೆ ಜಾಸ್ತಿ ಇಷ್ಟ. ಎರಡನ್ನೂ ಕೇಳಿ ನೀವೇ ತೀರ್ಮಾನಿಸಿ.

ಒನ್ ಸೈಡ್ ಲವ್‌ಗೆ ಬೇರೆ ಪಟ್ಟಿ ಮಾಡಿಕೊಳ್ಳಿ

ಕೈಕೊಟ್ಟ ಪ್ರೀತಿಯನ್ನೂ ಶುರುವೇ ಆಗದ ಪ್ರೀತಿಯನ್ನೂ ಒಟ್ಟಿಗೆ ಕಲಸಬೇಡಿ. ಒಂದರಲ್ಲಿ ನೆನಪುಗಳಿರುತ್ತವೆ. ಇನ್ನೊಂದರಲ್ಲಿ ಅದೂ ಇಲ್ಲ. ಇದಕ್ಕೆ ಮೂರು ಹಾಡು.

ಮೊದಲನೆಯದು ಸೆಲೀನಾ 1994ರಲ್ಲಿ ಹಾಡಿದ ‘ನೊ ಮೆ ಕೇದಾ ಮಾಸ್’. ಬರೆದವನು ಅವಳ ಬ್ಯಾಂಡಿನಲ್ಲೇ ಕೀಬೋರ್ಡ್ ನುಡಿಸುತ್ತಿದ್ದ ರಿಕಿ ವೇಲಾ. ಅವನಿಗೆ ಮನಸ್ಸಿದ್ದದ್ದು ಅದೇ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದ ಸೆಲೀನಾಳ ಅಕ್ಕ ಸುಜೆಟ್ ಮೇಲೆ. ಆಕೆ ಬೇರೊಬ್ಬನನ್ನು ಮದುವೆಯಾದಳು. ಅವನು ಹಾಡು ಬರೆದು ಸೆಲೀನಾ ಕೈಗೆ ಕೊಟ್ಟ. ಹಾಗಾಗಿ ವೇದಿಕೆಯ ಮೇಲೆ ತಂಗಿ ಅದನ್ನು ಹಾಡುವಾಗ ಅಕ್ಕ ಡ್ರಮ್ಸ್ ಮುಂದೆ ಕೂತಿದ್ದಳು, ಇವನು ಕೀಬೋರ್ಡ್ ಮುಂದೆ ನಿಂತಿದ್ದ. ಹಾಡು ಹೇಳುವುದಾದರೂ ಏನು? ನನಗಿನ್ನೇನೂ ಉಳಿದಿಲ್ಲ, ನೀನು ಸುಖವಾಗಿರು. ಅಷ್ಟೇ. ಸೆಲೀನಾ ಬೆಳೆದದ್ದು ಟೆಕ್ಸಸ್‌ನಲ್ಲಿ, ಇಂಗ್ಲಿಷ್ ಮಾತಾಡುತ್ತಾ. ಶುರುವಿನಲ್ಲಿ ಸ್ಪ್ಯಾನಿಷ್ ಹಾಡುಗಳನ್ನು ಸದ್ದು ಹಿಡಿದು ಬಾಯಿಪಾಠ ಮಾಡಿಯೇ ಹಾಡುತ್ತಿದ್ದಳು. ಭಾಷೆ ಬಾರದ್ದಕ್ಕೆ ಸಂಕೋಚ ಪಡುವವರು ಇದನ್ನು ನೆನಪಿಟ್ಟುಕೊಳ್ಳಿ.

ಎರಡನೆಯದು ಪೆರುವಿನ ವಾಲ್ಟ್ಸ್, ಅಂದರೆ ಮೂರು ಎಣಿಕೆಯ ತಾಳದ ಹಾಡು, ‘ಓದಿಯಾಮೆ’. ತಾಕ್ನಾ ಊರಿನ ಕವಿ ಫೆದೆರೀಕೊ ಬಾರ್ರೆತೊನ ಕವಿತೆಯಿಂದ ಬಂದದ್ದು. ನನ್ನನ್ನು ದ್ವೇಷಿಸು, ದಯೆ ತೋರಿಸದೆ ದ್ವೇಷಿಸು, ನಿನ್ನ ಅಸಡ್ಡೆಗಿಂತ ಅದೇ ವಾಸಿ ಅಂತ ಕೇಳಿಕೊಳ್ಳುತ್ತದೆ. ಕಾರಣವನ್ನೂ ಕೊಡುತ್ತದೆ: ಪ್ರೀತಿಸಿದ್ದನ್ನು ಮಾತ್ರ ಜನ ದ್ವೇಷಿಸುತ್ತಾರಂತೆ. ತರ್ಕ ಎಷ್ಟು ಸರಿಯೋ ಗೊತ್ತಿಲ್ಲ, ಮೆಸೇಜು ನೋಡಿಯೂ ಉತ್ತರ ಕೊಡದವರಿಗಾಗಿ ಕಾದವರಿಗೆ ಒಳಗೆ ತಟ್ಟುತ್ತದೆ. ಈಕ್ವೆಡಾರ್‌ನ ಹೂಲಿಯೊ ಹಾರಾಮೀಯೊ ದನಿಯಲ್ಲಿ ಕೇಳಿ. ಅವನ ಹುಟ್ಟಿದ ದಿನ ಅಕ್ಟೋಬರ್ 1 ಅನ್ನು ಆ ದೇಶ ತನ್ನ ‘ಪಸೀಯೊ’ ಎಂಬ ಪ್ರಕಾರದ ಹಾಡುಗಳ ದಿನವಾಗಿ ಆಚರಿಸುತ್ತದೆ.

ಮೂರನೆಯದು ಬಚಾತಾ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ 1962ರಲ್ಲಿ ಹೋಸೆ ಮನ್ವೆಲ್ ಕಾಲ್ದೆರೋನ್ ಮೊದಲು ರೆಕಾರ್ಡ್ ಮಾಡಿದ ಈ ಪ್ರಕಾರವನ್ನು ದೊಡ್ಡ ಮನೆಯವರು ಬಹಳ ಕಾಲ ಹತ್ತಿರ ಸೇರಿಸಲಿಲ್ಲ. ಬಡವರ ಹೆಂಡದಂಗಡಿಯ ಸಂಗೀತ, ಕಹಿಯ ಸಂಗೀತ ಅನ್ನುತ್ತಿದ್ದರು. 1990ರಲ್ಲಿ ಹುವಾನ್ ಲೂಯಿಸ್ ಗೆರ್ರಾ ‘ಬಚಾತಾ ರೋಸಾ’ ಆಲ್ಬಂ ತಂದ ಮೇಲೆ ಅವರ ಮನೆಗೂ ನುಗ್ಗಿತು. ನೀವು ಕೇಳಬೇಕಾದ್ದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಬೆಳೆದ ಹುಡುಗರ ‘ಅವೆಂತೂರಾ’ ತಂಡದ ‘ಒಬ್ಸೆಸಿಯೋನ್’, 2002ರದು. ಇದರ ವಿಶೇಷ ಏನೆಂದರೆ ಒಪ್ಪದ ಹುಡುಗಿಗೂ ಇಲ್ಲಿ ಬಾಯಿ ಇದೆ. ಅವನು ಪ್ರೀತಿ ಅನ್ನುತ್ತಾನೆ. ಅವಳು ನಡುವೆ ಬಂದು, ಇಲ್ಲಪ್ಪ, ಇದು ಪ್ರೀತಿಯಲ್ಲ, ನಿನಗೆ ಹಿಡಿದಿರುವುದು ಗೀಳು ಅನ್ನುತ್ತಾಳೆ. ಕಾಡಿಸುವುದನ್ನೇ ಪ್ರೀತಿ ಅಂತ ತೋರಿಸಿದ ಹಾಡುಗಳನ್ನು ಕೇಳಿ ಬೆಳೆದ ನಮ್ಮಂಥವರಿಗೆ ಈ ಒಂದು ಸಾಲು ತುಂಬಾ ಹಿತ.

ಸಿಟ್ಟು ಬಂದ ದಿನಕ್ಕೆ

ಮೆಕ್ಸಿಕೊದ ಗಾಯಕಿ ಪಕೀತಾ ಲಾ ದೆಲ್ ಬಾರಿಯೊ. ಹಾಡು ‘ರಾತಾ ದೆ ದೋಸ್ ಪಾತಾಸ್’, ಎರಡು ಕಾಲಿನ ಇಲಿ. ಇಲಿ, ಹಾವು, ಹುಳ ಅಂತ ಗಂಡಸಿಗೆ ಸಿಕ್ಕ ಬೈಗುಳವೆಲ್ಲ ಹಾಕಿ, ನಡುವೆ ಹಾಡು ನಿಲ್ಲಿಸಿ ‘ಕೇಳಿಸ್ತಾ ಇದೆಯೇನೋ, ಕೆಲಸಕ್ಕೆ ಬಾರದವನೇ?’ ಅಂತ ಗದರಿಸುತ್ತಾಳೆ. ಮುಖದಲ್ಲಿ ಮಾತ್ರ ಒಂದು ಗೆರೆ ಅಲುಗುವುದಿಲ್ಲ. 2025ರಲ್ಲಿ ತೀರಿಕೊಂಡಳು. ಶಕೀರಾ 2023ರ ಜನವರಿಯಲ್ಲಿ ಬಿಸಾರಾಪ್ ಜೊತೆ ತಂದ ಹಾಡು ನಿಮಗೆ ಗೊತ್ತೇ ಇರಬೇಕು: ನೀನು ಫೆರಾರಿ ಬಿಟ್ಟು ಟ್ವಿಂಗೊ ಎಂಬ ಚಿಕ್ಕ ಕಾರು ಹಿಡಿದೆ, ರೋಲೆಕ್ಸ್ ಬಿಟ್ಟು ಕ್ಯಾಸಿಯೊ ಕಟ್ಟಿಕೊಂಡೆ, ಹೆಂಗಸರು ಈಗ ಅಳುವುದಿಲ್ಲ, ಬಿಲ್ ಮಾಡುತ್ತಾರೆ. ಚುರುಕಾಗಿದೆ, ಒಪ್ಪುತ್ತೇನೆ. ಆದರೂ ಬೈಗುಳದಲ್ಲಿ ಪಕೀತಾ ಮುಂದೆ ಯಾರೂ ನಿಲ್ಲುವುದಿಲ್ಲ.

ಟ್ಯಾಂಗೊ ಯಾಕೆ ಕೊನೆಗೆ

ಬ್ಯೂನೊಸ್ ಐರಿಸ್‌ನ ಬೀದಿ ಭಾಷೆ ‘ಲುನ್ಫಾರ್ದೊ’ ಅದರ ತುಂಬಾ ಇದೆ. ನಿಘಂಟು ಕೈ ಎತ್ತುತ್ತದೆ. 1917ರಲ್ಲಿ ಕಾರ್ಲೊಸ್ ಗಾರ್ದೆಲ್ ಹಾಡಿದ ‘ಮಿ ನೋಚೆ ತ್ರಿಸ್ತೆ’ಯಲ್ಲಿ ಮೊದಲ ಪದವೇ ಅಂಥದ್ದು. ಹಾಡುವ ಟ್ಯಾಂಗೊ ಶುರುವಾದದ್ದೇ ಈ ಹಾಡಿನಿಂದ ಅನ್ನುತ್ತಾರೆ, ಆದ್ದರಿಂದ ಬಿಡುವ ಹಾಗೂ ಇಲ್ಲ. ಉಪಾಯ ಏನೆಂದರೆ ಭಾವನೆಯ ಪದ ಬಿಟ್ಟು ಸಾಮಾನುಗಳನ್ನು ಹಿಡಿಯಿರಿ. ಬಿಟ್ಟುಹೋದವಳ ಕೋಣೆ. ಮಬ್ಬಾದ ಕನ್ನಡಿ. ಉರಿಯಲು ಮನಸ್ಸಿಲ್ಲದ ದೀಪ. ಕಪಾಟಿನಲ್ಲಿ ನೇತಾಡುವ ಗಿಟಾರ್. ಅವಳಿದ್ದಾಳೆ ಅನ್ನುವ ಹಾಗೆ ಅವನು ಇನ್ನೂ ಮಾತೆ ಜೊತೆ ತಿನ್ನಲು ಬಿಸ್ಕತ್ತು ತರುತ್ತಾನೆ. ಮಾತೆ ಅಂದರೆ ಅಲ್ಲಿಯವರು ಕೊಳವೆಯಲ್ಲಿ ಹೀರುವ ಕಹಿ ಕಷಾಯ. ಈ ಬಿಸ್ಕತ್ತಿನ ಸಾಲು ಸಿಕ್ಕರೆ ಟ್ಯಾಂಗೊ ಸಿಕ್ಕಿತು.

ಹಾಡಲು ಶುರು ಮಾಡಿ

ಇಲ್ಲಿ ಕನ್ನಡದವರಿಗೆ ಲಾಭ ಇದೆ. ಸ್ಪ್ಯಾನಿಷ್ ಸ್ವರಗಳು ಐದೇ: ಅ, ಎ, ಇ, ಒ, ಉ. ತ, ದ ನಮ್ಮ ಹಾಗೆಯೇ ಹಲ್ಲಿಗೆ ನಾಲಿಗೆ ತಾಗಿಸಿ ಬರುತ್ತವೆ. ಪ, ತ, ಕ ಹೇಳುವಾಗ ಉಸಿರು ಊದುವುದಿಲ್ಲ. ಇಂಗ್ಲಿಷ್‌ನವರು ಒದ್ದಾಡುವುದು ಇಲ್ಲೇ. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ ಞ ಅಲ್ಲಿ ದಿನಾ ಬೇಕು: ನಾಳೆಗೆ ‘ಮಞಾನಾ’. ‘ವ’ ಅಂತ ಬರೆದದ್ದನ್ನು ಬ ಮತ್ತು ವ ನಡುವಿನ ಸದ್ದಾಗಿ ಹೇಳಿ. ‘ಎಚ್’ ಬರೆದಲ್ಲಿ ಅದನ್ನು ಓದಬೇಡಿ, ‘ಜೆ’ ಬರೆದಲ್ಲಿ ಗಂಟಲಿನಿಂದ ಹ ಅನ್ನಿ. ಜೋಡಿ ‘ಎಲ್’ ಅನ್ನು ಯ ಅನ್ನಿ, ಬ್ಯೂನೊಸ್ ಐರಿಸ್‌ನವರು ಮಾತ್ರ ಶ ಅನ್ನುತ್ತಾರೆ.

ಕಾಗದದ ಮೇಲಿನ ಸಾಲು ಉದ್ದ ಇದ್ದು, ಹಾಡುವಾಗ ಗಿಡ್ಡ ಆಗುವುದು ಯಾಕೆ ಅಂತ ಗಲಿಬಿಲಿ ಆಗಬಹುದು. ನಮ್ಮಲ್ಲಿ ಸ್ವರಕ್ಕೆ ಸ್ವರ ಸೇರಿ ಲೋಪಸಂಧಿ ಆಗುವುದಿಲ್ಲವೇ, ಹಾಗೇ ಅಲ್ಲೂ ಒಂದು ಪದದ ಕೊನೆಯ ಸ್ವರ ಮುಂದಿನದರ ಜೊತೆ ಕೂಡಿಕೊಳ್ಳುತ್ತದೆ. ‘ದೊಂದೆ ಎಸ್ತಾಸ್’ ಹಾಡಿನಲ್ಲಿ ‘ದೊಂದೆಸ್ತಾಸ್’ ಆಗುತ್ತದೆ. ಪದ ಒಡೆದು ಹಾಡಿದರೆ ತಾಳ ತಪ್ಪುತ್ತದೆ.

ಗುಂಪಿನಲ್ಲಿ ಹಾಡುವುದಾದರೆ 1972ರಲ್ಲಿ ವಿಸೆಂತೆ ಫೆರ್ನಾಂದೆಸ್ ಹಾಡಿದ ‘ವೋಲ್ವೆರ್ ವೋಲ್ವೆರ್’ ಆರಿಸಿಕೊಳ್ಳಿ. ಪಲ್ಲವಿಯಲ್ಲಿ ಆ ಒಂದು ಪದವನ್ನೇ ಎಳೆದೆಳೆದು ಹಾಡುವುದು, ಆದ್ದರಿಂದ ಸಾಹಿತ್ಯ ಗೊತ್ತಿಲ್ಲದವರೂ ಸೇರಿಕೊಳ್ಳಬಹುದು. ಶುರುವಿನ ಸಾಲು ಗುನುಗಿದ ಹಾಗೆ ತಗ್ಗಿನಲ್ಲಿದೆ. ಸುಲಭ ಅಂತ ಅಲ್ಲೇ ಎತ್ತರದ ಶ್ರುತಿ ಹಿಡಿದರೆ ಪಲ್ಲವಿ ಬರುವ ಹೊತ್ತಿಗೆ ಗಂಟಲು ಸಿಕ್ಕಿಕೊಳ್ಳುತ್ತದೆ. ಶ್ರುತಿಯನ್ನು ಎರಡು ಮೆಟ್ಟಿಲು ಕೆಳಗಿಟ್ಟೇ ಶುರು ಮಾಡಿ.